ಮರಳುವ ದಾರಿ

ನಿಘಂಟು ತಿರುವುವಾಗ ನನ್ನ ಎಡಗೈ ಬೆರಳುಗಳಿಗೆ ಬಿಡುವಿಲ್ಲ. ಒಂದು ಪದದ ಅರ್ಥ ಹುಡುಕಿದರೆ ‘ನೋಡಿ’ ಎಂದು ಅದು ಇನ್ನೊಂದು ಪದದತ್ತ ಕಳಿಸುತ್ತದೆ; ಅಲ್ಲಿಂದ ಮತ್ತೊಂದಕ್ಕೆ. ಒಂದೊಂದು ಪುಟಕ್ಕೂ ಒಂದೊಂದು ಬೆರಳು ಸಿಕ್ಕಿಸಿಕೊಂಡು ಓದುತ್ತೇನೆ. ಎಷ್ಟು ದೂರ ಹೋದರೂ ಹೊರಟ ಜಾಗ ಕೈಯಲ್ಲೇ ಇರುತ್ತದೆ.

ಪರದೆಯ ಮೇಲಿನ ಓದಿನಲ್ಲಿ ನನಗೆ ಸಿಗದಿರುವುದು ಇದೇ. ಕೊಂಡಿ ಒತ್ತಿದರೆ ಹೊಸ ಪುಟ, ಅಲ್ಲಿಂದ ಇನ್ನೊಂದು. ಮೂರನೆಯದಕ್ಕೆ ಬರುವ ಹೊತ್ತಿಗೆ ಮೊದಲು ಓದುತ್ತಿದ್ದ ವಾದ ಮನಸ್ಸಿನಿಂದ ಜಾರಿರುತ್ತದೆ. ಇಂಥ ಕೊಂಡಿಗಳಿಂದ ಬೆಸೆದ ಬರಹಕ್ಕೆ 1965ರಲ್ಲಿ ‘ಹೈಪರ್‌ಟೆಕ್ಸ್ಟ್’ ಎಂಬ ಹೆಸರನ್ನು ಬಳಕೆಗೆ ತಂದ ಟೆಡ್ ನೆಲ್ಸನ್ ಬಯಸಿದ್ದು ಎರಡೂ ತುದಿಯಿಂದ ಕಾಣುವ ಕೊಂಡಿಯನ್ನು. ಸಂಬಂಧವಿರುವ ಎರಡು ಬರಹಗಳು ಅಕ್ಕಪಕ್ಕ ನಿಲ್ಲಬೇಕೆಂಬುದು ಅವರ ಹಂಬಲ. ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ವೆಬ್ಬಿನ ಕೊಂಡಿ ಒಮ್ಮುಖದ್ದು. ಅದನ್ನು ಹಾಕಲು ಯಾರ ಅಪ್ಪಣೆಯೂ ಬೇಡ, ಹಾಗಾಗಿಯೇ ಅದು ಜಗತ್ತೆಲ್ಲ ಹಬ್ಬಿತು. ಆದರೂ ನಿಧಾನವಾಗಿ, ದೀರ್ಘವಾಗಿ ಓದುವವರ ಮಟ್ಟಿಗೆ ನೆಲ್ಸನ್ ಬಯಸಿದ್ದೇ ಸರಿ.

ಕನ್ನಡದಲ್ಲಂತೂ ಮರಳುವ ಮಾತಿರಲಿ, ಹೋಗುವ ದಾರಿಯೇ ಇನ್ನೂ ಸರಿಯಾಗಿಲ್ಲ. ನಮ್ಮ ಎಷ್ಟೋ ಹಳೆಯ ಪುಸ್ತಕಗಳು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಾಗಿ ಸಿಗುತ್ತವೆ. ಅಷ್ಟಾದರೂ ಉಳಿದಿವೆಯಲ್ಲ ಎಂಬ ಸಮಾಧಾನವೇನೋ ದೊಡ್ಡದು. ಆದರೆ ಅವು ಬರೀ ಪುಟದ ಚಿತ್ರಗಳು. ಮೊಬೈಲಿನಲ್ಲಿ ಹಿಗ್ಗಿಸಿದರೆ ಸಾಲಿನ ಬಲತುದಿ ಪರದೆಯಾಚೆ ಹೋಗುತ್ತದೆ. ಸಾಲುಸಾಲಿಗೂ ಪುಟವನ್ನು ಅತ್ತಿತ್ತ ಎಳೆದಾಡಬೇಕು. ಹಳಗನ್ನಡ ಕಾವ್ಯದ ಕಠಿಣ ಪದಗಳ ಅರ್ಥ ಪುಸ್ತಕದ ಕೊನೆಯಲ್ಲಿದ್ದರೆ, ಹೊಸದಾಗಿ ಓದಲು ಕೂತವರು ಅಲ್ಲಿಗೇ ಕೈಬಿಡುತ್ತಾರೆ. ಆ ನಷ್ಟ ನನ್ನನ್ನು ತುಂಬ ಕಾಡುತ್ತದೆ.

ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸಿದ ಪುಸ್ತಕಗಳೂ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಪಾಡು ಅದೇ. ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಲಿಪಿಯ ಸಂಕೇತ. ‘ಕುಮಾರವ್ಯಾಸ’ ಎಂದು ಹುಡುಕಿದರೆ ಎದುರಿಗೇ ಇರುವ ಹೆಸರೂ ಸಿಗುವುದಿಲ್ಲ. ಯೂನಿಕೋಡಿನ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗವಿತ್ತು! ಅದನ್ನು ಬಳಸಿಕೊಂಡರೆ ಏನಾಗುತ್ತದೆಂಬುದಕ್ಕೆ ‘ವಚನ ಸಂಚಯ’ ಜಾಲತಾಣವಿದೆ: ಒಂದು ಪದ ಕೊಟ್ಟರೆ ಸಾಕು, ಆ ಪದವಿರುವ ವಚನಗಳು ಸಾಲಾಗಿ ಎದುರು ನಿಲ್ಲುತ್ತವೆ.

ಇ-ಪುಸ್ತಕ ತರುವ ಪ್ರಕಾಶಕರಲ್ಲಿ ನನ್ನದೊಂದು ಕೋರಿಕೆ. ಪಠ್ಯವನ್ನು ಯೂನಿಕೋಡಿನಲ್ಲಿ, ಪರದೆಯ ಅಗಲಕ್ಕೆ ಸಾಲು ಹೊಂದಿಕೊಳ್ಳುವಂತೆ ಕೊಡಿ. ಟಿಪ್ಪಣಿ ಓದುತ್ತಿರುವ ಸಾಲಿನ ಬಳಿಯೇ ತೆರೆದುಕೊಳ್ಳಲಿ. ಅದು ಆಗದಿದ್ದರೆ, ಟಿಪ್ಪಣಿಯ ಕೊನೆಗೆ ಆ ಸಾಲಿಗೆ ಮರಳುವ ಕೊಂಡಿಯನ್ನಾದರೂ ಇಡಿ.