ಮೆಲ್ಲಕ ಹೇಳ್ರಿ

ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ನಮ್ಮೂರಲ್ಲಿ ಮನೆಮಾತು ಕನ್ನಡ, ಕಾಗದದ ಮಾತು ಮರಾಠಿ. ನಾವು ‘ಮರಣದ ಸರ್ಟಿಫಿಕೇಟ್’ ಅನ್ನುವುದು ಕಚೇರಿಯಲ್ಲಿ ‘ಮೃತ್ಯೂಚಾ ದಾಖಲಾ’. ಎರಡೂ ಬಲ್ಲವನೆಂದು ಓಣಿಯವರು ನನ್ನನ್ನೇ ಕರೆದೊಯ್ಯುತ್ತಾರೆ.

ಕೆಲವು ವರ್ಷಗಳ ಹಿಂದೆ ಹೀಗೆಯೇ ಒಬ್ಬ ಹೆಣ್ಣುಮಗಳ ಜೊತೆ ಹೋಗಿದ್ದೆ. ತವರು ಕರ್ನಾಟಕದ ಆಳಂದದ ಕಡೆ. ಮರಾಠಿ ಸಂತೆ ವ್ಯವಹಾರಕ್ಕೆ ಸಾಕಾಗುವಷ್ಟೇ. ಗಂಡ ಮನೆಯಲ್ಲೇ ತೀರಿಕೊಂಡಿದ್ದ, 21 ದಿನದೊಳಗೆ ಬರೆಸಬೇಕಿತ್ತು. ಗುಮಾಸ್ತರು ‘ಕಶಾನೆ ಗೇಲೆ?’ ಎಂದರು, ಏನಾಗಿ ಹೋದರು ಎಂದು. ಹಿಂದೆ ಏಳೆಂಟು ಜನರ ಸಾಲು. ಆಕೆ ನನ್ನ ಕಿವಿಯಲ್ಲಿ ರೋಗದ ಹೆಸರು ಹೇಳಿ, ‘ಅಣ್ಣಾರ, ಮೆಲ್ಲಕ ಹೇಳ್ರಿ’ ಅಂದಳು. ಮೆಲ್ಲಗೇ ಹೇಳಿದೆ. ಸರಿಯಾಗಿ ಕೇಳಿಸದೆ ಗುಮಾಸ್ತರು ಅದನ್ನೇ ಗಟ್ಟಿಯಾಗಿ ಮರುಕೇಳಿದರು. ಆಕೆ ಸೆರಗು ಮುಖಕ್ಕೆ ಒತ್ತಿಕೊಂಡಳು.

1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮು ಇಂಥವರನ್ನು ನೆನೆದೇ ಬರೆದಂತಿದೆ. ಯಾರು ಬೇಕಾದರೂ ಶುಲ್ಕ ಕಟ್ಟಿ ರಿಜಿಸ್ಟರ್ ಹುಡುಕಿಸಬಹುದು, ನಕಲು ಪಡೆಯಬಹುದು. ಆದರೆ ಮರಣದ ನಕಲಿನಲ್ಲಿ ಸಾವಿನ ಕಾರಣ ಕಾಣಕೂಡದು. ಸತ್ತ ಸುದ್ದಿ ಊರಿನದು, ಸತ್ತ ಕಾರಣ ಮನೆಯದು.

ರಿಜಿಸ್ಟರ್ ತೆರೆದಿರಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಹೆಣ್ಣುಮಕ್ಕಳ ಚೊಚ್ಚಲ ಬಾಣಂತನ ತವರಲ್ಲಿ. ಮಗು ಕಲಬುರಗಿ ಜಿಲ್ಲೆಯಲ್ಲಿ ಹುಟ್ಟಿದರೆ ದಾಖಲೆಯೂ ಅಲ್ಲೇ, ಶಾಲೆ ಮಾತ್ರ ಇಲ್ಲಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಗೂ ಮತಪಟ್ಟಿಗೂ ಡ್ರೈವಿಂಗ್ ಲೈಸೆನ್ಸಿಗೂ ಜನನ ಪತ್ರವೇ ಆಧಾರ. ಅದೇ ವರ್ಷ ಮರಾಠಾ ಮೀಸಲಾತಿಗೆ ಬೇಕಾದ ಕುಣಬಿ ಜಾತಿಯ ದಾಖಲೆಗಾಗಿ ಮಹಾರಾಷ್ಟ್ರದಲ್ಲಿ ಹಳೆಯ ‘ಕೋತವಾಲ ಬುಕ್ಕು’ಗಳ ಧೂಳು ಕೊಡವಿದರು. ಹುಟ್ಟು ಸಾವಿನ ಜೊತೆ ಜಾತಿಯನ್ನೂ ಬರೆದಿಟ್ಟ ‘ಗಾಂವ ನಮುನಾ 14’ ಅದು. ಮರಾಠಿಯ ಹಳೆಯ ಮೋಡಿ ಲಿಪಿಯ ಒಂದು ಸಾಲು ಮೊಮ್ಮಕ್ಕಳ ಹಕ್ಕನ್ನು ನಿರ್ಧರಿಸಿತು.

ಆದರೆ ಕಾಯ್ದೆ ಕಾಗದದ ಬಾಯಿ ಕಟ್ಟಿದೆ, ಕಚೇರಿಯ ಬಾಯಿ ಕಟ್ಟಿಲ್ಲ. ಭಾಷೆ ಬಲ್ಲವರು ಅರ್ಜಿಯನ್ನು ತಾವೇ ತುಂಬಿ ಕೊಟ್ಟು ಬರುತ್ತಾರೆ. ಬಾರದವರ ಗುಟ್ಟು ಮೊದಲು ನನ್ನಂಥ ನೆರೆಯವನ ಕಿವಿಗೆ, ಆಮೇಲೆ ಸಾಲಿಗೆ. ಬೀದರ, ಬೆಳಗಾವಿಯ ಕಚೇರಿಯಲ್ಲಿ ಕನ್ನಡ ಬಾರದ ಮರಾಠಿ ತಾಯಿಯ ಪಾಡೂ ಇದೇ. ಗಡಿ ತಾಲ್ಲೂಕಿನ ಅರ್ಜಿಯಲ್ಲಿ ನೆರೆಭಾಷೆಯ ಸಾಲೂ ಇರಲಿ; ಸಾವಿನ ಕಾರಣವನ್ನು ಬರವಣಿಗೆಯಲ್ಲೇ ಕೇಳಲಿ.

ಅಂದಿನಿಂದ ನನ್ನ ಜೇಬಿನಲ್ಲಿ ಚೀಟಿ, ಪೆನ್ನು ಇರುತ್ತವೆ. ಆ ಪ್ರಶ್ನೆ ಬಂದಾಗ ಉತ್ತರವನ್ನು ಮರಾಠಿಯಲ್ಲಿ ಬರೆದು ಮುಂದೆ ಸರಿಸುತ್ತೇನೆ. ಕೆಲಸ ಮುಗಿದ ಮೇಲೆ ಚೀಟಿಯನ್ನು ಮರೆಯದೆ ವಾಪಸು ಕೇಳಿ, ಮನೆಯವರ ಕೈಗೇ ಕೊಡುತ್ತೇನೆ.