ಒಂದು ಗಂಟೆ ದೂರದ ಕಲಬುರಗಿ

ಬೆಂಗಳೂರಿನಿಂದ ನಮ್ಮ ಕಲಬುರಗಿಗೆ ರೈಲೆಂದರೆ ಒಂದಿಡೀ ರಾತ್ರಿ. 2019ರ ನವೆಂಬರ್ 22ರಂದು ವಿಮಾನ ಶುರುವಾದ ಮೇಲೆ ಆ ರಾತ್ರಿ ಒಂದು ಗಂಟೆ ಚಿಲ್ಲರೆಗೆ ಇಳಿಯಿತು. ಎರಡು ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 460 ಕಿ.ಮೀ. ಅಷ್ಟೇ.

ಅವ್ವನಿಗೆ ಎದೆನೋವು ಅಂತ ಬೆಳಿಗ್ಗೆ ಫೋನ್ ಬಂದಾಗ ವಿಮಾನವನ್ನೇ ಹಿಡಿದೆ. ಮನೆಯಿಂದ ದೇವನಹಳ್ಳಿಗೆ ಎರಡು ಗಂಟೆ. ಚೆಕ್‌ಇನ್, ಸೆಕ್ಯುರಿಟಿ ಅಂತ ಇನ್ನೆರಡು. ಶ್ರೀನಿವಾಸ ಸರಡಗಿಯಲ್ಲಿ ಇಳಿದ ಮೇಲೆ ಊರಿಗೆ ಅರ್ಧ ಗಂಟೆ. ಹಾರಿದ್ದಕ್ಕಿಂತ ಕಾದಿದ್ದೇ ಹೆಚ್ಚು. ಆದರೂ ಕತ್ತಲಾಗುವ ಮೊದಲೇ ಆಸ್ಪತ್ರೆಯಲ್ಲಿದ್ದೆ.

"ಇಷ್ಟು ಲಗೂ ಹ್ಯಾಂಗ್ ಬಂದ್ಯೋ?" ಅಂದಳು ಅವ್ವ.

ನಡುರಾತ್ರಿ ಅವಳಿಗೆ ನೀರು ಕುಡಿಸುವಾಗ ಅನ್ನಿಸಿತು, ರೈಲು ಹಿಡಿದಿದ್ದರೆ ಈಗಿನ್ನೂ ಗುಂತಕಲ್ ಕೂಡ ದಾಟುತ್ತಿರಲಿಲ್ಲ.