ತಂಗಿಯ ಸ್ಕೇಟಿಂಗ್ ಬೂಟು

ನಮ್ಮ ಸಾಲೋಟಗಿಯಲ್ಲಿ ಮಂಜುಗಡ್ಡೆ ಕಾಣುವುದು ಕಬ್ಬಿನ ಹಾಲಿನ ಗಾಡಿಯ ಮೇಲೆ ಮಾತ್ರ. ಆದರೂ ಎಂಟನೆಯ ತರಗತಿಯಲ್ಲಿರುವ ನನ್ನ ತಂಗಿಗೆ ಐಸ್ ಹಾಕಿಯ ಹುಚ್ಚು. 2025ರ ಜೂನ್‌ನಲ್ಲಿ ಭಾರತದ ಮಹಿಳಾ ತಂಡ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ಗೆದ್ದಿತು. ಆ ವಿಡಿಯೊಗಳನ್ನು ಅವಳು ಅಬ್ಬಾರ ಮೊಬೈಲಿನಲ್ಲಿ ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ತಂಡದ ಹೆಚ್ಚಿನ ಹುಡುಗಿಯರು ಲಡಾಖಿನವರು.

ಬೆಳಗಾವಿಯಲ್ಲಿ ಸ್ಕೇಟಿಂಗ್ ಕಲಿಯುವ ಮಕ್ಕಳು ಬಹಳ. ಅಲ್ಲಿರುವ ನಮ್ಮ ಖಾಲಾ, "ಐಸ್ ಇಲ್ಲದಿದ್ದರೆ ಏನಾಯಿತು, ಗಾಲಿ ಇದೆಯಲ್ಲ" ಎಂದು ತಮ್ಮ ಮಗನಿಗೆ ಸಣ್ಣದಾದ ಗಾಲಿ ಸ್ಕೇಟುಗಳನ್ನು ಕೊಟ್ಟು ಕಳಿಸಿದರು. ಒಂದೊಂದು ಬೂಟಿನ ಕೆಳಗೆ ಒಂದೇ ಸಾಲಿನಲ್ಲಿ ನಾಲ್ಕು ಗಾಲಿ. ತಂಗಿ ದಿನಾ ಬೆಳಿಗ್ಗೆ ಮನೆ ಮುಂದಿನ ಸಿಸಿ ರಸ್ತೆಯಲ್ಲಿ ಓಡಿಸುತ್ತಿದ್ದಳು. ಆಮೇಲೆ ಬಟ್ಟೆಯಿಂದ ಒರೆಸಿ ಚೀಲದಲ್ಲಿ ಇಡುತ್ತಿದ್ದಳು. ವಿಜಯಪುರದಲ್ಲಿ ಆಯ್ಕೆ ಇದೆ, ಹೆಸರು ಕೊಡು ಎಂದು ಅವಳ ಶಾಲೆಯ ದೈಹಿಕ ಶಿಕ್ಷಕರು ಹೇಳಿದ್ದರು.

ಒಂದು ಸಂಜೆ ಮಳೆ ನಿಂತಿತ್ತು. ತಂಗಿ ಮನೆಯಲ್ಲಿರಲಿಲ್ಲ. ನಾನು ಆ ಬೂಟುಗಳನ್ನು ಹಾಕಿಕೊಂಡು ರಸ್ತೆಗೆ ಇಳಿದೆ. ನೀರು ತುಂಬಿದ ತಗ್ಗು ಕಾಣಲಿಲ್ಲ. ಬಿದ್ದೆ. ಎದ್ದು ನೋಡಿದರೆ ಬಲಗಾಲಿನ ಬೂಟಿನ ಹಿಮ್ಮಡಿ ಕೆಳಗೆ ಗಾಲಿಗಳ ಚೌಕಟ್ಟು ಅಲ್ಲಾಡುತ್ತಿತ್ತು. ಹೆದರಿ, ಒರೆಸದೆ ಚೀಲಕ್ಕೆ ತುರುಕಿಟ್ಟೆ.

ಅವಳಿಗೆ ಪರೀಕ್ಷೆ ಇದ್ದುದರಿಂದ ಹತ್ತು ದಿನ ಚೀಲ ಬಿಚ್ಚಲಿಲ್ಲ. ಬಿಚ್ಚಿದಾಗ ಬೋಲ್ಟುಗಳಿಗೆ ತುಕ್ಕು, ಗಾಲಿಗಳು ತಿರುಗುತ್ತಿಲ್ಲ. "ನಾನೇ ಸರಿಯಾಗಿ ಒರೆಸಲಿಲ್ಲವೇನೋ" ಎಂದು ಅತ್ತಳು. ಅಮ್ಮಿ ಅವಳನ್ನೇ ಬೈದರು. ನಾನು ಅಕೌಂಟೆನ್ಸಿ ಪುಸ್ತಕ ತೆರೆದು ಕುಳಿತಿದ್ದೆ. ಏನೂ ಹೇಳಲಿಲ್ಲ.

ಆಯ್ಕೆಗೆ ಎಂಟು ದಿನ ಉಳಿದಿತ್ತು. ವಿಜಯಪುರದ ಒಂದು ಅಂಗಡಿಯಲ್ಲಿ ತೋರಿಸಿದೆ. "ಇದು ರಿಪೇರಿ ಆಗೂದಿಲ್ಲ, ಹೊಸದು ತಗೋ" ಅಂದರು. ಬೆಲೆ 2,800 ರೂಪಾಯಿ. ಅಬ್ಬಾ ಲಿಂಬೆ ವ್ಯಾಪಾರಿಗಳ ಹತ್ತಿರ ದಿನಗೂಲಿ ಮಾಡುತ್ತಾರೆ. ಆ ಮೊತ್ತವನ್ನು ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ.

ಆಗ ದಾದಾ ಕರೆದರು. ನಮ್ಮದು ಶಿಕಲಗಾರರ ಮನೆ. ದಾದಾ ಊರೂರು ತಿರುಗಿ ಕುಡುಗೋಲು, ಕತ್ತರಿ, ಚೂರಿಗಳಿಗೆ ಸಾಣೆ ಹಿಡಿದವರು. ಬೂಟನ್ನು ತಿರುಗಿಸಿ ನೋಡಿ, "ಸತ್ತಿಲ್ಲ ಇದು. ಬಿಚ್ಚು" ಅಂದರು.

ಒಂದು ಗಾಲಿಗೆ ಎರಡು ಬೇರಿಂಗ್, ಎಂಟು ಗಾಲಿಗೆ ಹದಿನಾರು. ಎಲ್ಲ ಹೊರತೆಗೆದು ಪೆಟ್ರೋಲಿನಲ್ಲಿ ತೊಳೆದೆವು. ಕಪ್ಪು ಎರೆಮಣ್ಣು ಇಳಿಯಿತು. ಹನ್ನೊಂದು ತಿರುಗಿದವು, ಐದು ತಿರುಗಲಿಲ್ಲ. ಬೇರಿಂಗಿನ ಮೇಲೆ 608 ಎಂಬ ಸಂಖ್ಯೆ ಇತ್ತು. ಒಳತೂತು 8 ಮಿಲಿಮೀಟರ್, ಹೊರಗಿನ ಅಳತೆ 22, ದಪ್ಪ 7. ಸ್ಕೇಟಿಗೆಂದೇ ಬೇರೆ ಬೇರಿಂಗ್ ಬೇಕು ಎಂದುಕೊಂಡಿದ್ದೆ. ಇಂಡಿಯ ಮೋಟರ್ ರೀವೈಂಡಿಂಗ್ ಅಂಗಡಿಯಲ್ಲೇ ಅದು ಸಿಕ್ಕಿತು. ತುಕ್ಕು ಹಿಡಿದ ಬೋಲ್ಟುಗಳನ್ನು ದಾದಾ ಲಿಂಬೆ ರಸ, ಉಪ್ಪು ಹಚ್ಚಿ ರಾತ್ರಿಯಿಡೀ ಇಟ್ಟರು. ಬೆಳಿಗ್ಗೆ ಉಜ್ಜಿ, ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚಿದೆವು. ಹುಳಿಯನ್ನು ಹಾಗೇ ಬಿಟ್ಟರೆ ಅದೂ ಕಬ್ಬಿಣ ತಿನ್ನುತ್ತದಂತೆ.

ಕಷ್ಟವಾದದ್ದು ಹಿಮ್ಮಡಿಯ ರಿವೆಟ್. ಮುರಿದದ್ದು ಒಂದೇ, ಪಕ್ಕದ ಮೂರು ಸಡಿಲ. ನಾಲ್ಕನ್ನೂ ಡ್ರಿಲ್ ಮಾಡಿ ತೆಗೆದು, ಅಗಲ ವಾಷರ್ ಇಟ್ಟು ಬೋಲ್ಟ್ ಬಿಗಿದೆವು. ಒಳಗೆ ಚಾಚಿದ ತುದಿಯನ್ನು ದಾದಾ ಅರದಿಂದ ಉಜ್ಜಿ ನುಣುಪು ಮಾಡಿದರು. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಕಾಕಾ ಅದರ ಮೇಲೆ ಚರ್ಮದ ತುಂಡು ಅಂಟಿಸಿ, ಹರಿದ ಅಂಚು ಹೊಲಿದುಕೊಟ್ಟರು.

ಕೆಲಸದ ನಡುವೆ ದಾದಾರಿಗೆ ಐಸ್ ಹಾಕಿಯ ವಿಡಿಯೊ ತೋರಿಸಿದೆ. ಆ ಬೂಟಿನಲ್ಲೂ ಅಲಗು ಹಿಡಿಯುವ ಭಾಗವನ್ನು ಅಟ್ಟೆಗೆ ರಿವೆಟ್‌ನಿಂದಲೇ ಕೂಡಿಸಿರುತ್ತಾರೆ. ರಿವೆಟ್ ಸಡಿಲಾದರೆ ನೀರು ಹೊಕ್ಕು ತುಕ್ಕು. ಅಲಗಿನ ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂತೆ ತಗ್ಗು ಬರುವ ಹಾಗೆ ಸಾಣೆ ಹಿಡಿಯುತ್ತಾರೆ. ಆಗ ಎರಡು ಬದಿಗೂ ಅಂಚು ಮೂಡಿ ಮಂಜಿನಲ್ಲಿ ಹಿಡಿತ ಸಿಗುತ್ತದೆ. ದಾದಾ ಅದನ್ನು ಬಹಳ ಹೊತ್ತು ನೋಡಿ ನಕ್ಕರು: "ಚೂರಿಗೆ ಒಂದು ಧಾರೆ, ಇದಕ್ಕೆ ಎರಡು. ನನಗೆ ಬಿಟ್ಟರೆ ಕಲಿತೇನು."

ಹಿಂದೆ ಲಡಾಖಿನ ಹುಡುಗರು ಸೈನಿಕರ ಬೂಟಿಗೆ ಕಬ್ಬಿಣದ ಪಟ್ಟಿ ಜೋಡಿಸಿಕೊಂಡು ಆಡಿದರು ಎಂದು ಓದಿದ್ದನ್ನೂ ಹೇಳಿದೆ. ದಾದಾ ತಲೆಯಾಡಿಸಿದರು. ಆಮೇಲೆ, ಬೋಲ್ಟ್ ಬಿಗಿಯುತ್ತಲೇ ಕೇಳಿದರು: "ಆ ಹುಡುಗಿಯ ತೂಕಕ್ಕೆ ಈ ರಿವೆಟ್ ಮುರಿಯುವುದಿಲ್ಲ. ಯಾರು ಹಾಕಿಕೊಂಡಿದ್ದರು?"

ನಾನು ತಲೆ ತಗ್ಗಿಸಿದೆ. ದಾದಾ ಒಂದೇ ಮಾತು ಹೇಳಿದರು: "ಅಮಾನತ್." ಕನ್ನಡ ಪತ್ರಿಕೆಯಲ್ಲಿ ನೌಕರನನ್ನು ಕೆಲಸದಿಂದ ತಡೆದಿಟ್ಟರೆ ಅಮಾನತು ಎಂದು ಬರೆಯುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಅಂದರೆ ನಂಬಿ ಒಪ್ಪಿಸಿದ ವಸ್ತು. ನನ್ನ ತಂಗಿ ಚೀಲವನ್ನು ನಂಬಿಯೇ ಮನೆಯಲ್ಲಿ ಬಿಟ್ಟು ಹೋಗಿದ್ದಳು.

ಆ ರಾತ್ರಿ ಊಟದ ದಸ್ತರಖಾನದ ಮುಂದೆ ಎಲ್ಲರೆದುರು ಹೇಳಿದೆ. ಅಮ್ಮಿ ಸುಮ್ಮನಾದರು. ತಂಗಿ ಎದ್ದು ಒಳಗೆ ಹೋದಳು. ಎರಡು ದಿನ ನನ್ನೊಂದಿಗೆ ಮಾತನಾಡಲಿಲ್ಲ. ಮೂರನೆಯ ದಿನ ಬೂಟು ಹಾಕಿಕೊಂಡು ಬಂದು, "ಭಾಯಿ, ಎಡಗಾಲಿನ ಲೇಸ್ ಬಿಗಿ" ಅಂದಳು.

ಆಯ್ಕೆಯಲ್ಲಿ ಅವಳು ಆರನೆಯವಳಾಗಿ ಬಂದಳು, ಜಿಲ್ಲಾ ತಂಡಕ್ಕೆ ಆಯ್ಕೆಯಾಗಲಿಲ್ಲ. ಆದರೆ ಬೂಟು ಕೊನೆಯವರೆಗೂ ಗಟ್ಟಿಯಾಗಿತ್ತು.

ನಾನು ವಾಣಿಜ್ಯದ ವಿದ್ಯಾರ್ಥಿ, ಲೆಕ್ಕ ಬರೆದಿಟ್ಟಿದ್ದೇನೆ. ಐದು ಬೇರಿಂಗ್‌ಗೆ 200, ಬೋಲ್ಟ್ ವಾಷರ್‌ಗೆ 40, ಚಪ್ಪಲಿ ಕಾಕಾರಿಗೆ 50, ಪೆಟ್ರೋಲಿಗೆ 20, ಒಟ್ಟು 310 ರೂಪಾಯಿ. ಅಬ್ಬಾ ಕೊಟ್ಟರು. ರಜೆಯಲ್ಲಿ ದುಡಿದು ತೀರಿಸಬೇಕು. ಅಮ್ಮಿಯ ಬೈಗುಳವನ್ನು ನನ್ನ ಬದಲು ತಂಗಿ ತಿಂದಳಲ್ಲ, ಅದನ್ನು ಯಾವ ಖಾತೆಗೆ ಬರೆಯಬೇಕೋ ಇನ್ನೂ ತಿಳಿದಿಲ್ಲ. ಸದ್ಯ ದಿನಾ ಸಂಜೆ ಅವಳ ಬೂಟುಗಳನ್ನು ಒರೆಸಿ ಇಡುವ ಕೆಲಸ ನನ್ನದು.